ಸೀಟಿ ನಿಂತ ಸಂಜೆ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸೀಟಿ ತಡವರಿಸಿತು.

ಎಂಬತ್ತರ ದಶಕದ ಆ ವರ್ಷಗಳಲ್ಲಿ ಮಾನ್ವಿಯ ಕಡೆ ಮದುವೆ ಮನೆಗೆ ಹಾಡಿಗಿಂತ ಮೊದಲು ಬರುತ್ತಿದ್ದುದು ಸೀಟಿ. ಅಪ್ಪನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕೆಲಸ. ರಾಯಚೂರಿನಿಂದ ತಂದ ಕ್ಯಾಸೆಟ್ಟೊಂದರಲ್ಲಿ ಒಂದೇ ಸಮನೆ ಕೂಗುವ ಆ ಸೀಟಿಯಷ್ಟೇ ಇತ್ತು. ಅದನ್ನು ಹಾಕಿ, ಸ್ಪೀಕರ್ ಹಾರ್ನುಗಳ ಕೆಳಗೆ ಓಡಾಡುತ್ತ, ಯಾವುದು ಒಡಕು, ಯಾವುದು ಮೆತ್ತಗೆ ಎಂದು ಕಿವಿಯಲ್ಲೇ ಹಿಡಿಯುತ್ತಿದ್ದ. "ಹಾಡಿನಾಗ ಒಡಕು ಮುಚ್ಚಿಹೋಗತದ ಬೇ, ಸೀಟಿಯಾಗ ಮುಚ್ಚಂಗಿಲ್ಲ" ಎನ್ನುತ್ತಿದ್ದ. ನನಗಾಗ ಹತ್ತು ವರ್ಷ. ರಜೆಯಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆಯ ಮುಂದೆ ಕೂತು ಸದ್ದಿನ ಗುಂಡಿ ತಿರುಗಿಸುವವಳು ನಾನು.

ಅವತ್ತು ಮಲ್ಲಟದಲ್ಲಿ ಮದುವೆ. ಹಂದರದ ಹಿಂದಿನಿಂದ ಮಿರ್ಚಿ ಕರಿಯುವ ವಾಸನೆ. ಸೀಟಿ ತಡವರಿಸಿದ್ದೇ ಅಪ್ಪ ತಲೆಯೆತ್ತಿದ. ಬೇವಿನ ಮರದ ಹತ್ತಿರ ಕರೆಂಟಿನ ವೈರು ಜೋಡಿಸಿದಲ್ಲಿ ಸಡಿಲಾಗಿತ್ತು. ಜೊತೆಗೆ ಬಂದಿದ್ದ ನನ್ನ ಸೋದರಮಾವನನ್ನು ಫ್ಯೂಸ್ ತೆಗೆಯಲು ಮನೆಯೊಳಗೆ ಕಳಿಸಿ, ನಿಚ್ಚಣಿಕೆ ಏರುತ್ತ ನನಗೆ ಹೇಳಿದ: "ಏನೂ ಮುಟ್ಟಬ್ಯಾಡ. ಸೀಟಿ ನಿಂತ್ರ ಕರೆಂಟ್ ಹೋತು ಅಂತ ನಾ ಕೈ ಹಾಕತೀನಿ."

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಮುದುಕಿಯೊಬ್ಬಳು ರೇಗಿದಳು. "ಏ ಹುಡುಗಿ, ಕಿವಿ ತೂತು ಬಿದ್ದಾವ! ಈಗರೆ ಮಲಗ್ಯಾದ ಕೂಸು. ಸಣ್ಣ ಮಾಡಬೇ."

"ನಮ್ಮಪ್ಪ ಮುಟ್ಟಬ್ಯಾಡ ಅಂದಾನ್ರೀ."

"ನಿಮ್ಮಪ್ಪ ಬಂದು ತೊಟ್ಲ ತೂಗ್ತಾನೇನ?"

ಹೆಂಗಸರೆಲ್ಲ ನಕ್ಕರು. ನಾಚಿಕೆಯಾಗಿ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಬಿಟ್ಟೆ.

ಮಾವ ಇನ್ನೂ ಫ್ಯೂಸ್ ಇದ್ದ ಮೀಟರಿನ ಹತ್ತಿರ ಹೋಗಿರಲಿಲ್ಲ. ಅಪ್ಪನ ಕೈ ವೈರಿನತ್ತ ಹೋಗುವುದನ್ನು ಕಂಡೆ. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವನ ಮೈ ಒಮ್ಮೆ ಸೆಟೆದು, ನಿಚ್ಚಣಿಕೆ ಸಮೇತ ಮೇವಿನ ರಾಶಿಯ ಮೇಲೆ ಬಿತ್ತು.

ಬದುಕಿದ. ಬಲಗೈಯ ಎರಡು ಬೆರಳು ಸುಟ್ಟಿದ್ದವು. ಮಾವನೇ ತಡಮಾಡಿದ ಎಂದು ಮನೆಯವರೆಲ್ಲ ಬೈದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಅಪ್ಪನಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಅವನಿಗೆ ಕೈಯುರಿ. ನನಗೆ, ಕಣ್ಣು ಮುಚ್ಚಿದರೆ ಆ ಕೈ ಮತ್ತೆ ಮತ್ತೆ ವೈರಿನತ್ತ ಹೋಗುತ್ತಿತ್ತು. ಇಂದಿಗೂ ಯಾವುದಾದರೂ ಸದ್ದು ತಟ್ಟನೆ ನಿಂತರೆ ನಾನು ಮೊದಲು ಮೇಲೆ ನೋಡುತ್ತೇನೆ.

ಅಪ್ಪನ ಕೈಯ ಪಟ್ಟಿ ಬಿಚ್ಚಿದ ದಿನ ಮಂಡಕ್ಕಿ ಒಗ್ಗರಣಿ ತಿನ್ನುತ್ತ ಕೂತಿದ್ದೆವು. ತಡೆಯಲಾಗಲಿಲ್ಲ. "ಯಪ್ಪಾ, ಸೀಟಿ ನಾನೇ ಸಣ್ಣ ಮಾಡಿದ್ದೆ."

"ಗೊತ್ತದ." ಅವನು ಚಮಚ ಕೆಳಗಿಡಲಿಲ್ಲ. "ಕರೆಂಟ್ ಹೋದ್ರ ಟೇಪ್ ನಿಧಾನಾಗಿ, ಸೀಟಿ ದನಿ ದಪ್ಪಾಗಿ ನಿಲ್ಲತದ. ಅವತ್ತು ದಪ್ಪಾಗಲಿಲ್ಲ, ದನಿ ಹಂಗೇ ಇದ್ದು ಸಪ್ಪಳ ಅಷ್ಟ ಸಣ್ಣಾಗಿ ಹೋತು. ಅದನ್ನ ಕೇಳೀನೂ ಅವಸರ ಮಾಡ್ದಾಂವ ನಾನು. ನಿಮ್ಮ ಮಾವಗೂ ಹೇಳತೀನಿ. ತಿನ್ನು, ಆರತದ."

ಈಗ ಅಂಥ ಸೀಟಿಯನ್ನು ಯಾರು ಬೇಕಾದರೂ ಫೋನಿನಲ್ಲೇ ಹಾಕಿಕೊಳ್ಳಬಹುದು. ಅದು ಹೇಗೆ ನಿಂತಿತೆಂದು ಕೇಳಿ ಹೇಳುವ ಕಿವಿ ಇಲ್ಲ. ಅಂದು ಅವನು ಹೇಳಿದ್ದು ನಿಜವೋ, ನನ್ನ ಸಲುವಾಗಿ ಹೇಳಿದ್ದೋ ಎಂದು ವಿಚಾರಿಸಲೂ ಅಪ್ಪ ಇಲ್ಲ. ಪಟ್ಟಿ ಬಿಚ್ಚಿದ ಆ ರಾತ್ರಿ ಮಾತ್ರ ಅವನೂ ನಾನೂ ಬೆಳಗಾಗುವ ತನಕ ಎಚ್ಚರಗೊಳ್ಳಲಿಲ್ಲ.