ಟೇಪಿನಲ್ಲಿದ್ದ ಇನ್ನೊಂದು ದನಿ

ನಾನು ಇತಿಹಾಸ ಪಾಠ ಮಾಡುವ ವಿಶ್ವವಿದ್ಯಾಲಯ ಉಲ್ಲಾಳದ ಹತ್ತಿರವಿದೆ. ಅಮ್ಮ ಎಂ.ಎ. ಓದಿದ್ದೂ ಅಲ್ಲೇ. ವಿಶ್ವವಿದ್ಯಾಲಯದ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಪತ್ರಾಗಾರದಲ್ಲಿ ಕಡತಗಳಿಗಿಂತ ಮೊದಲು ನಾನು ಕೇಳಿದ್ದು ಹಳೆಯ ಸಮಾರಂಭಗಳ ಟೇಪುಗಳನ್ನು. ಅದಕ್ಕೆ ಅಮ್ಮನೇ ಕಾರಣ.

ಓದುತ್ತಿದ್ದಾಗ ಅವಳು ಒಂದು ಘಟಿಕೋತ್ಸವದಲ್ಲಿ ಪ್ರಾರ್ಥನೆ ಹಾಡಲು ನಿಂತು, ನಡುವೆ ಸಾಲು ಮರೆತಿದ್ದಳು. "ಇಡೀ ಸಭೆ ನನ್ನೇ ನೋಡ್ತಾ ಕೂತಿತ್ತು. ಎಷ್ಟೋ ಹೊತ್ತು. ಆಮೇಲೆ ಹೇಗೋ ಮುಗಿಸ್ದೆ," ಎನ್ನುತ್ತಿದ್ದಳು. ಅಲ್ಲಿಂದಾಚೆಗೆ ಜನರ ಮುಂದೆ ಬಾಯಿ ತೆರೆಯಲಿಲ್ಲ. ಮದುವೆಮನೆಗಳಲ್ಲಿ ಆರತಿಯ ಹೊತ್ತಿಗೆ ಯಾರಾದರೂ ಹಾಡು ಎಂದರೆ, ಗಂಟಲು ಸರಿಯಿಲ್ಲವೆಂದು ಅಡುಗೆಯವರ ಕಡೆಗೆ ಹೋಗಿಬಿಡುತ್ತಿದ್ದಳು.

ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ ಸಿಬ್ಬಂದಿಯವರು ಒಂದು ಮಧ್ಯಾಹ್ನ ನನ್ನನ್ನು ಕರೆದರು. ಆ ವರ್ಷದ ಘಟಿಕೋತ್ಸವ ಸಿಕ್ಕಿತ್ತು. ಕೇಳಿದವಳೇ ಅಮ್ಮನಿಗೆ ಫೋನ್ ಮಾಡಿ ನಾಳೆ ಬಾ ಎಂದೆ.

"ಆ ಅವಮಾನಾನ ಇನ್ನೊಂದ್ಸಲ ಕೇಳ್ಬೇಕಾ ನಾನು?"

"ನನಗೋಸ್ಕರ ಬಾಮ್ಮ."

ಮರುದಿನ ವಿಜಯನಗರದಿಂದ ಸಿಟಿ ಬಸ್ಸು ಹಿಡಿದು ಬಂದಳು. ಮುಖ ಬಿಗಿದುಕೊಂಡೇ ಕೂತಳು.

ಟೇಪಿನಲ್ಲಿ ಮೊದಲು ಕುರ್ಚಿಗಳ ಸದ್ದು, ಯಾರದೋ ಕೆಮ್ಮು, ಆಮೇಲೆ ಅವಳ ದನಿ. ಎಳೆಯ, ಸ್ವಲ್ಪ ನಡುಗುವ ದನಿ. ಮೂರನೆಯ ಸಾಲಿಗೆ ನಿಂತುಹೋಯಿತು. ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ. ಮೈಕಿನಿಂದ ದೂರದಲ್ಲಿ, ಸಭಿಕರ ನಡುವಿನಿಂದ, ಇನ್ನೊಬ್ಬ ಹೆಂಗಸಿನ ದನಿ ಆ ಸಾಲನ್ನು ಎತ್ತಿಕೊಂಡಿತು. ಅಮ್ಮನ ದನಿ ಅದನ್ನು ಹಿಡಿದುಕೊಂಡು ಕೊನೆಯವರೆಗೂ ಹೋಯಿತು. ಚಪ್ಪಾಳೆ.

"ಇಷ್ಟೇನಾ?" ಎಂದಳು ಅಮ್ಮ. "ಇನ್ನೊಂದ್ಸಲ ಹಾಕಿ ಸಾರ್."

ಮತ್ತೆ ಕೇಳಿದಳು. "ಇದ್ಯಾರೇ? ನನಗೆ ಯಾರೂ ಸಾಲು ಎತ್ತಿಕೊಟ್ಟ ನೆನಪೇ ಇಲ್ವಲ್ಲೇ."

ಟೇಪಿನ ವಿವರದಲ್ಲಿ ಹಾಡಿದವರು ಅಂತ ಯಾರ ಹೆಸರು ಬರೆಯಲಿ ಎಂದು ಸಿಬ್ಬಂದಿಯವರು ಕೇಳಿದರು.

"ನನ್ನ ಹೆಸರು ಬರೀರಿ. ಜೊತೆಗೆ ಇನ್ನೊಬ್ರು ಇದ್ರು ಅಂತಾನೂ ಬರೀರಿ."

ಆ ಇನ್ನೊಬ್ಬರನ್ನು ನಾನು ಬಹಳ ಹುಡುಕಿದೆ. ಆಹ್ವಾನಪತ್ರಿಕೆಯಲ್ಲಿ ಅಮ್ಮನ ಹೆಸರೊಂದೇ ಇತ್ತು. ಫೋಟೊಗಳಲ್ಲಿ ವೇದಿಕೆಯ ಗಣ್ಯರೇ ತುಂಬಿದ್ದರು. ಅಮ್ಮ ಹಳೆಯ ಗೆಳತಿಯರಿಗೆಲ್ಲ ಫೋನ್ ಹಚ್ಚಿದಳು. ಅವರಲ್ಲೊಬ್ಬರು, "ನೀನು ಮರೆತಿದ್ದೇ ನಂಗೊತ್ತಿಲ್ಲ ಕಣೇ. ಚೆನ್ನಾಗಿ ಹಾಡಿದ್ದೆ ಅನ್ನೋದಷ್ಟೇ ನೆನಪು," ಎಂದರಂತೆ. ಅಮ್ಮನಿಗೆ ಸಮಾಧಾನಕ್ಕಿಂತ ಸಿಟ್ಟೇ ಬಂತು.

ದಾಖಲೆಯನ್ನು ನಂಬಿ, ನೆನಪನ್ನು ಪರೀಕ್ಷಿಸಿ ಎಂದು ತರಗತಿಯಲ್ಲಿ ಹೇಳುವವಳು ನಾನು. ಟೇಪು ಸುಳ್ಳು ಹೇಳುವುದಿಲ್ಲ, ಸರಿ. ಆದರೆ ಅಮ್ಮ ಬದುಕಿದ್ದು ಆ ಉದ್ದನೆಯ ಮೌನದ ಜೊತೆಗೆ. ಅದು ಯಾವ ಟೇಪಿನಲ್ಲೂ ಇಲ್ಲ. ಚರಿತ್ರೆಯ ಪುಸ್ತಕದಲ್ಲಿ ಇದನ್ನು ಎಲ್ಲಿ ಸೇರಿಸಬೇಕೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಸೇರಿಸಲಿಲ್ಲ.

ಅಮ್ಮ ಮಾತ್ರ ಆ ಹಾಡನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಮೊನ್ನೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಆಂಟಿಯನ್ನು ಕೂರಿಸಿ, ಅದನ್ನು ಹಾಕಿದಳು. ಮೂರನೆಯ ಸಾಲು ಬರುವ ಮೊದಲೇ ಕೈಯೆತ್ತಿ, "ಈಗ ಮರೀತೀನಿ, ಕೇಳಿ," ಎಂದಳು.