ಮೋಡವನ್ನು ಮೇಲಿನಿಂದ ನೋಡಿದ ವೈನಿ

ನಮ್ಮ ವೈನಿ ಆಕಾಶ ನೋಡುತ್ತಿದ್ದದ್ದು ತಲೆ ತಗ್ಗಿಸಿ. ಚಷ್ಮಾ ಕೂದಲ ಮೇಲೆ, ಮೂಗು ಲ್ಯಾಪ್‌ಟಾಪಿನ ಪರದೆಗೆ ತಾಗುವಷ್ಟು ಹತ್ತಿರ, ಅದರಲ್ಲಿ ಉಪಗ್ರಹ ಕಳಿಸಿದ ಬಂಗಾಳ ಕೊಲ್ಲಿಯ ಮೋಡ. ಅಣ್ಣನ ಹೆಂಡತಿಯಾಗಿ ನಮ್ಮೂರು ಹೊರ್ತಿಗೆ ಕಾಲಿಡುವ ಮೊದಲೇ ಅವರು ಪುಣೆಯಲ್ಲಿ ಹವಾಮಾನ ಸಂಶೋಧಕಿ. ದ್ರಾಕ್ಷಿ ಸುಗ್ಗಿಗೆ ಮಾತ್ರ ರಜೆ ಹಾಕಿ ಬಂದೇ ಬರುತ್ತಿದ್ದರು. ಕೆಲಸದ ಹೆಂಗಸರ ಜೊತೆ ಶೆಡ್ಡಿನ ಬಲೆಯ ಮೇಲೆ ದ್ರಾಕ್ಷಿ ಒಣಗಲು ಹರವುತ್ತಿದ್ದರು, ಅವರಿಗಿಂತ ಜೋರಾಗಿ ಹರಟುತ್ತಿದ್ದರು.

ಒಮ್ಮೆ ಪರದೆಯಲ್ಲಿ, ಮೋಡವೇ ಇಲ್ಲದ ಕಡೆಯೂ ಬೆಳ್ಳಗೆ ಕಂಡಿತು. ಇದೇನೆಂದು ಕೇಳಿದೆ.

"ನೀರಿನ ಆವಿ, ಮೈದುನ್ರ. ದ್ರಾಕ್ಷಿ ಒಣಗಿ ಮಣೂಕ ಆಗ್ತಾವಲ್ಲ, ಒಳಗಿನ ನೀರು ಎಲ್ಲಿ ಹೋತು?"

"ಗಾಳ್ಯಾಗ್ರಿ."

"ನಿಮಗ ಕಾಣಸ್ತೈತೇನು?"

"ಇಲ್ರಿ."

"ಉಪಗ್ರಹಕ್ಕ ಕಾಣಸ್ತೈತಿ."

ಆ ಚಿತ್ರಗಳನ್ನು ಓದುವುದನ್ನು ನನಗೆ ಕಲಿಸಿದವರು ಅವರೇ. ದಡ್ಡ ಶಿಷ್ಯನೆಂದು ಬೈಯುತ್ತಲೇ ಕಲಿಸಿದರು.

ಮಣೂಕದ ಶೆಡ್ಡಿಗೆ ಮೇಲೆ ತಗಡು, ಸುತ್ತಲೂ ಬಯಲು. ಸುತ್ತ ತಾಡಪತ್ರಿಯ ಪರದೆ ಇಳಿಬಿಟ್ಟರೆ ಗಾಳಿಯಾಡದೆ ಹಣ್ಣು ಹುಳಿಯುತ್ತದೆ. ಬಿಡದಿದ್ದರೆ ಮಳೆಯ ಎರಚಲಿಗೆ ಕಪ್ಪಾಗುತ್ತದೆ. ಒಂದು ವರ್ಷ ಕೊನೆಯ ಕೊಯ್ಲು ಇನ್ನೂ ಬಲೆಯ ಮೇಲಿದ್ದಾಗ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತು. ಟೀವಿಯವರ ಅಬ್ಬರಕ್ಕೆ ಅಪ್ಪ ಕಂಗಾಲಾದರು. ವೈನಿ ಆವಿಯ ಚಿತ್ರದಲ್ಲೊಂದು ಕಪ್ಪು ಪಟ್ಟಿ ತೋರಿಸಿ, ಅದು ಒಣಗಾಳಿ, ಚಂಡಮಾರುತದೊಳಗೆ ನುಗ್ಗಿ ಅದನ್ನು ಸೊರಗಿಸುತ್ತದೆ ಎಂದರು.

"ತಾಡಪತ್ರಿ ಬ್ಯಾಡ್ರಿ, ಮಾವಾರ."

ಅಪ್ಪ ತಾಡಪತ್ರಿಯನ್ನು ಸುತ್ತಿ ಮೇಲೆ ಕಟ್ಟಿಸಿದರು.

ಚಂಡಮಾರುತ ಸೊರಗಿತು. ಆದರೆ ಮರುದಿನ ಸಂಜೆ ನಮ್ಮೂರ ಬಿಸಿಲಿಗೇ ಹುಟ್ಟಿದ ಮೋಡವೊಂದು ಗುಡುಗಿ, ಗಾಳಿ ಮಳೆ ಕೂಡಿಯೇ ಶೆಡ್ಡಿಗೆ ಬಡಿಯಿತು. ಬಲೆಯ ಮೇಲಿದ್ದದ್ದೆಲ್ಲ ಕಪ್ಪಾಯಿತು.

"ನೀ ಹೇಳಿದ್ದು ಖರೇನ ಆತಲ್ಲ, ಚಂಡಮಾರುತ ಬರಲಿಲ್ಲ," ಎಂದು ಅಣ್ಣ ಸಮಾಧಾನ ಹೇಳಿದ. ವೈನಿಗೆ ಸಿಟ್ಟು ಬಂತು.

"ಮಾವಾರು ಕೇಳಿದ್ದು ಚಂಡಮಾರುತದ್ದಲ್ಲ, ಶೆಡ್ಡಿಂದು. ನಾ ಕೊಲ್ಲಿ ನೋಡಕೋತ ಕುಂತೆ. ಹೊರಗ ಏನೈತಿ ಅಂತ ನೋಡ್ಲಿಲ್ಲ."

ಆ ಕಪ್ಪು ಮಣೂಕದ ಡಬ್ಬಿಯೊಂದನ್ನು ಪುಣೆಗೆ ಒಯ್ದು ಕಚೇರಿಯ ಮೇಜಿನ ಮೇಲೆ ಇಟ್ಟುಕೊಂಡರು. ಮರುವರ್ಷ ಮೋಡ ಕವಿದಾಗ ಅಪ್ಪ ಮತ್ತೆ ಅವರನ್ನೇ ಕರೆದು ಕೇಳಿದರು. ವೈನಿಯ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿಂದ ಮುಂದೆ ಇಂಡಿ, ಸಿಂದಗಿ ಕಡೆಯ ಯಾರೇ ಫೋನು ಮಾಡಿ "ಮಳಿ ಬರ್ತೈತೇನ್ರಿ ಬಾಯಾರ?" ಎಂದರೆ, ಚಿತ್ರ ತೆರೆಯುವ ಮೊದಲು ಅವರದು ಒಂದೇ ಪ್ರಶ್ನೆ: "ಹೊರಗ ಏನೈತಿ ಹೇಳ್ರಿ." ತೊಗರಿ ರಾಶಿಯೋ, ಮದುವೆಯ ಹಂದರವೋ, ಸುಡದ ಇಟ್ಟಂಗಿಯೋ ಎಂದು ತಿಳಿದ ಮೇಲೆಯೇ ಉತ್ತರ. ತಾವು ಎಲ್ಲಿ ತಪ್ಪಬಹುದೆಂಬುದನ್ನೂ ಕೂಡಿಸಿಯೇ ಹೇಳುತ್ತಿದ್ದರು.

ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಅವರು ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದರು. ಕಾಯಿಲೆ ಕೈಮೀರಿತ್ತು. ಹಾಸಿಗೆಯ ಪಕ್ಕ ಕೂತು ಮೊಬೈಲಿನಲ್ಲಿ ಆವಿಯ ಚಿತ್ರ ತೆರೆದೆ.

"ವೈನಿ, ನಾಳೆ ಸಂಜಿಗೆ ನಮ್ಮ ಕಡೆ ಮಳಿ ಐತ್ರಿ."

ಕಣ್ಣು ಮುಚ್ಚಿಕೊಂಡೇ ಕೇಳಿದರು. "ಹೊರಗ ಏನೈತಿ?"

"ಏನಿಲ್ರಿ. ಮಣೂಕ ಎಲ್ಲಾ ಒಳಗ ತಂದೇವಿ."

"ಹಂಗಾರ ಬರ್ಲಿ ಬಿಡ್ರಿ."

ಮರುದಿನ ನಸುಕಿನಲ್ಲಿ ಹೋಗಿಬಿಟ್ಟರು. ಸಂಜೆ ಮಣ್ಣು ಮಾಡಿ ಬಂದು ಅಂಗಳದಲ್ಲಿ ಕೂತೆ. ಮಳೆ ಬರಲಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಕೇಳಲು ವೈನಿ ಇರಲಿಲ್ಲ.