ಕಾಂತರಾಜುವಿನ ಕಂದು ಕೈ

ನಮ್ಮ ಕಾಂತರಾಜು ತನ್ನ ವೀಳ್ಯಶಾಸ್ತ್ರದ ದಿನವೇ ಹುಡುಗಿಯ ಸೋದರಮಾವನ ಮೂಗು ಒಡೆದವನು. ಹಿರೀಸಾವೆಯಲ್ಲಿ, ಚಪ್ಪರದ ಕೆಳಗೆ, ನೂರು ಜನರ ಮುಂದೆ. ಎಲೆಯಡಿಕೆ ತಟ್ಟೆ ಕೊಡಲು ಇವನು ಕೈ ಚಾಚಿದಾಗ ಆ ಪುಣ್ಯಾತ್ಮ ಹಿಂದಕ್ಕೆ ಸರಿದು, "ಇದೇನ್ಲಾ ನಿನ್ ಕೈ, ಕಾಯ್ಲೆನಾ?" ಅಂದನಂತೆ. ಮಾತು ಮುಗಿಯುವಷ್ಟರಲ್ಲಿ ಎಲೆಯ ಮೇಲೆಲ್ಲ ರಕ್ತ. ಮದುವೆ ಮುರಿದೇ ಹೋಗುತ್ತಿತ್ತು. ಹುಡುಗಿ ಮೇಘಶ್ರೀ ಒಳಗಿಂದ ಬಂದು, "ನಮ್ಮಾವಂಗೆ ಯಾವತ್ತೋ ಯಾರಾರ ಒಡೀಬೇಕಿತ್ತು, ಬುಡಿ" ಅಂದದ್ದರಿಂದ ಉಳಿಯಿತು.

ಕಾಯಿಲೆಯಲ್ಲ, ಮಣ್ಣೂ ಅಲ್ಲ. ಮಲ್ಲಿಪಟ್ಟಣದ ಈ ಮನುಷ್ಯ ಹಾಸನದ ನಮ್ಮ ಕೆಮಿಕಲ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಪರ್ಮಾಂಗನೇಟ್ ಸುರಿದವನು. ಹಳೇ ಬಾವಿಗೆ ಹಾಕುತ್ತಿದ್ದ ನೇರಳೆ ಹರಳು, ಅದೇ. ಚರ್ಮಕ್ಕೆ ತಾಗಿದರೆ ಕಂದು ಬಣ್ಣ ಹಿಡಿಯುತ್ತದೆ, ಎಷ್ಟು ಉಜ್ಜಿದರೂ ಬಿಡುವುದಿಲ್ಲ. ನಾನು ಸ್ನೇಹಲತಾ, ಆ ಫ್ಯಾಕ್ಟರಿಯ ಸ್ಟೋರ್ ನೋಡಿಕೊಳ್ಳುತ್ತಿದ್ದವಳು. ಗ್ಲೌಸ್ ಬೇಕು ಅಂತ ನಾನು ಬರೆದ ಚೀಟಿಗಳನ್ನು ಮಾಲೀಕ ಷಡಕ್ಷರಿ ನನ್ನೆದುರೇ ಹರಿದು ಹಾಕುತ್ತಿದ್ದ. ಥೂ, ಈಗ ನೆನೆದರೂ ಮೈ ಉರಿಯುತ್ತದೆ. ಕಾಂತರಾಜು ಮಾತ್ರ ಕೈಗಳನ್ನು ಸದಾ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ. ದಿಟ್ಟಿಸಿ ನೋಡಿದವರಿಗೆ ಆ ಕೈ ಜೇಬಿನಿಂದ ಮುಷ್ಟಿಯಾಗಿಯೇ ಹೊರಬರುತ್ತಿತ್ತು. ಅರಕಲಗೂಡಿನ ಬಸ್ಸಿನಲ್ಲಿ ಇಬ್ಬರು ಕಂಡಕ್ಟರುಗಳು ಅದರ ರುಚಿ ನೋಡಿದ್ದಾರೆ.

ಹೊಳೆನರಸೀಪುರದ ಪ್ರತಿಭಾ ನಮ್ಮಲ್ಲಿಗೆ ಕೆಮಿಸ್ಟ್ ಆಗಿ ಬಂದದ್ದು ಹೋದ ವರ್ಷ. ಬಂದ ವಾರವೇ ಕಾಂತರಾಜುವಿನ ಕೈ ನೋಡಿ, ಮುಖ ಸಿಂಡರಿಸದೆ, "ಎಷ್ಟು ವರ್ಷದಿಂದ ಸುರೀತಿದ್ದೀರಣ್ಣ?" ಅಂತ ಕೇಳಿದಳು. ಅವನು ಹೊಡೆಯಲಿಲ್ಲ.

ನಮ್ಮ ಕೆಲಸ ಏನೆಂದು ಅವಳು ಅವನಿಗೆ ಬಿಡಿಸಿ ಹೇಳಿದಾಗ ನನಗೂ ಅವತ್ತೇ ಅರ್ಥವಾದದ್ದು. ನಾವು ಡ್ರಮ್ಮಿಗೆ ಹಾಕುವ ಕಚ್ಚಾ ಮಾಲು ಆಲ್ಕೈನ್. ಅದರೊಳಗಿನ ಎರಡು ಇಂಗಾಲ ಅಂದರೆ ಮೂರು ಹಗ್ಗ ಬಿಗಿದು ಕಟ್ಟಿದ ಜೋಡಿ ಎತ್ತು. ಎರಡು ಹಗ್ಗ ಬಿಚ್ಚಿ, ಒಂದೊಂದು ಎತ್ತಿಗೂ ಒಂದೊಂದು ಆಮ್ಲಜನಕ ಕೊಟ್ಟರೆ ಡೈಕೀಟೋನ್, ಅಂದರೆ ನಾವು ಮಾರುವ ಹಳದಿ ಪುಡಿ. "ನಿಮ್ ಪರ್ಮಾಂಗನೇಟು ಕೊಡ್ಲಿ ತಗಂಡ್ ಬತ್ತದೆ ಕಣಣ್ಣ. ಒಂದೊಂದ್ ಸಲ ಮೂರನೇ ಹಗ್ಗನೂ ಕಡಿದು ಮಾಲು ಹಾಳು ಮಾಡ್ತದೆ. ಜೊತೆಗೆ ಡ್ರಮ್‌ಗಟ್ಟಲೆ ಕಂದು ಕೆಸರು. ಅದನ್ನ ಹಿಂದಿನ ಗುಂಡಿಗೆ ಸುರೀತೀವಿ. ನಾನು ಗಾಳೀಲಿರೋ ಆಮ್ಲಜನಕನೇ ಕೊಡ್ತೀನಿ, ನೀಲಿ ದೀಪದ ಬೆಳಕಲ್ಲಿ."

"ಬಲ್ಬ್ ಆಕುದ್ರೆ ಮಾಲಾಯ್ತದಾ? ಓಗವ್ವಾ, ಯಾರಿಗ್ ಕಿವಿ ಮೇಲ್ ಹೂ ಮಡಗ್ತೀಯ!" ಅಂತ ಅವನು ನಕ್ಕ.

ನಕ್ಕರೂ, ಅವಳ ಗಾಜಿನ ಕೊಳವೆಗಳು ಒಡೆಯದಿರಲಿ ಎಂದು ಊರಿನಿಂದ ಒಂದು ಮೂಟೆ ಭತ್ತದ ಹೊಟ್ಟು ಹೊತ್ತು ತಂದು ಪೆಟ್ಟಿಗೆಗೆ ತುಂಬಿದ. ಹದಿನಾರು ಗಂಟೆ ದೀಪ ಉರಿಯಿತು. ಮಾರನೆಯ ದಿನ ಕೊಳವೆಯ ತಳದಲ್ಲಿ ಹಳದಿ ಹರಳು! ಕೆಸರಿಲ್ಲ, ಕಲೆಯಿಲ್ಲ. ಕಾಂತರಾಜು ಹರಳನ್ನು ನೋಡಲಿಲ್ಲ, ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಒಂದೆರಡು ತಿಂಗ್ಳು ಡ್ರಮ್ ಮುಟ್ಬೇಡಿ. ಚರ್ಮ ತಾನಾಗೇ ತಿಳಿಯಾಯ್ತದೆ" ಅಂದಳು ಪ್ರತಿಭಾ.

ಷಡಕ್ಷರಿಗೆ ಹದಿನಾರು ಗಂಟೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಬಂದ ಆರ್ಡರನ್ನು ಡ್ರಮ್ಮಿನಲ್ಲೇ ಮುಗಿಸು ಎಂದು ಕಾಂತರಾಜುವಿನ ಮೇಲೆ ಕೂಗಾಡಿದ. ಮರುದಿನ ಬೆಳಗ್ಗೆ ಹತ್ತೂವರೆಗೆ ಅವಸರದಲ್ಲಿ ಡ್ರಮ್ಮು ಉರುಳಿ, ನೆಲಕ್ಕೆ ಚೆಲ್ಲಿದ್ದ ಸಾಲ್ವೆಂಟಿನ, ಅಂದರೆ ಬೇಗ ಹೊತ್ತಿಕೊಳ್ಳುವ ದ್ರಾವಕದ, ಮೇಲೆ ನೇರಳೆ ಹರಳು ಹರಡಿತು. ತೊಳೆಯೋಣವೆಂದರೆ ನೀರಿನ ಮೋಟರು ಕೆಟ್ಟಿತ್ತು. ಊರ ಮನೆಯಂಗಳದಲ್ಲಿ ಎಣ್ಣೆ ಚೆಲ್ಲಿದರೆ ಏನು ಮಾಡುತ್ತಿದ್ದನೋ ಅದನ್ನೇ ಕಾಂತರಾಜು ಮಾಡಿದ: ಉಳಿದಿದ್ದ ಹೊಟ್ಟು ಎರಚಿ, ಎಲ್ಲವನ್ನೂ ಗುಡಿಸಿ, ಗೋಣಿಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಟ್ಟ. ಆ ಗೋಣಿಚೀಲ ಕೊಟ್ಟವಳು ನಾನೇ.

ಪರ್ಮಾಂಗನೇಟು ಹೊಟ್ಟಿಗೂ ಸಾಲ್ವೆಂಟಿಗೂ ಬೆರೆತರೆ ತಾನಾಗೇ ಹೊತ್ತಿಕೊಳ್ಳುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಚೀಲ ಒಳಗೊಳಗೇ ಬಿಸಿಯೇರಿತು. ಮೊದಲು ಹೊಗೆ, ಆಮೇಲೆ ಭಗ್ಗೆಂದು ಬೆಂಕಿ, ಆಮೇಲೆ ಪಕ್ಕದ ಸಾಲ್ವೆಂಟ್ ಕ್ಯಾನುಗಳು ಒಂದೊಂದಾಗಿ ಸಿಡಿದವು. ಕಿಟಕಿಯ ಗಾಜು ಬಂದು ನನ್ನ ಹಣೆ ಸೀಳಿತು. ಪ್ರತಿಭಾ ಒಳಗೇ ಇದ್ದಳು, ಬಾಗಿಲ ತುಂಬ ಬೆಂಕಿ. ಅವಳ ಕಿರುಚಾಟ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಕಾಂತರಾಜು ಹಾರೆ ಎತ್ತಿಕೊಂಡು ಹಿಂದಿನ ಗೋಡೆಯ ಶೀಟನ್ನು ಜಜ್ಜಿದ, ಸೀಳಿದ, ಸಿಕ್ಕ ಕಿಂಡಿಯಲ್ಲಿ ನುಗ್ಗಿದ. ಅವಳ ತೋಳಿನಲ್ಲಿ ಉರಿಯುತ್ತಿದ್ದ ಬೆಂಕಿಯನ್ನು ಬರಿಗೈಯಲ್ಲೇ ಬಡಿದು ಬಡಿದು ಆರಿಸಿ, ಎಳೆದು ಹಾಕಿದ. ಅವಳ ಮುಖ ಉಳಿಯಿತು. ಇಬ್ಬರದೂ ಎರಡೂ ಕೈ ಸುಟ್ಟವು.

ಮಧ್ಯಾಹ್ನ ಪೊಲೀಸರು ಬಂದರು. ಷಡಕ್ಷರಿ ಕಣ್ಣೊರೆಸಿಕೊಳ್ಳುತ್ತಾ, "ಆ ಹುಡ್ಗಿ ಬಲ್ಬು ಸಿಡೀತು ಸಾರ್. ಬೇಡ ಬೇಡ ಅಂದ್ರೂ ಕೇಳ್ಲಿಲ್ಲ" ಅಂದ. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದವಳ ತಲೆಗೆ ತಪ್ಪು ಕಟ್ಟುತ್ತಿದ್ದಾನೆ ನೋಡಿ, ಪಾಪಿ! ಆ ಮಾತು ಕಾಗದಕ್ಕೆ ಇಳಿದರೆ ಕೇಸು ಅವಳ ಮೇಲೆ, ನೀಲಿ ದೀಪ ತಿಪ್ಪೆಗೆ. ಕಾಂತರಾಜುವಿನ ಹತ್ತಿರ ಬಂದು, "ಬಾಯ್ಮುಚ್ಕಂಡಿದ್ರೆ ನೀನೂ ಬಚಾವ್ ಕಣ್ಲಾ" ಎಂದು ಪಿಸುಗುಟ್ಟಿದ್ದೂ ನನಗೆ ಕೇಳಿಸಿತು.

ನೋವನ್ನೂ ಲೆಕ್ಕಿಸದೆ ಜೇಬಿಗೆ ತುರುಕಿದ್ದ ಕೈಗಳನ್ನು ಕಾಂತರಾಜು ಹೊರತೆಗೆದ. ಬೊಬ್ಬೆಯೆದ್ದು ಸುಲಿದಿದ್ದ ಕಂದು ಕೈಗಳು. ಯಾರಾದರೂ ನೋಡಿದರೆ ಹೊಡೆಯುತ್ತಿದ್ದವನು ಈಗ ಇನ್ಸ್‌ಪೆಕ್ಟರ ಮುಖದ ಮುಂದೆಯೇ ಅವನ್ನು ಚಾಚಿದ.

"ನೋಡಿ ಸಾ, ಸರ್ಯಾಗ್ ನೋಡಿ. ಇದು ಡ್ರಮ್ಮಿನ ಬಣ್ಣ. ಚೆಲ್ಲುದ್ದೂ ನಾನೇ, ಬತ್ತದ್ ಒಟ್ಟು ಆಕುದ್ದೂ ನಾನೇ. ಒಟ್ಟು ನಮ್ಮನೇದು. ಆ ಮಗೀನ್ ಬಲ್ಬು ಬಾಗ್ಲಿಂದ ಇಪ್ಪತ್ತಡಿ ಒಳಗಿತ್ತು, ಬೆಂಕಿ ಉಟ್ಟಿದ್ದು ಬಾಗ್ಲಾಗೆ. ಬರ್ಕಳಿ."

ಚೀಲ ಕೊಟ್ಟದ್ದು ನಾನು ಎಂದು ನಾನೂ ಹೇಳಿದೆ. ಗ್ಲೌಸಿನ ಚೀಟಿಗಳ ವಿಷಯವನ್ನೂ ಬಿಡದೆ ಹೇಳಿದೆ. ಇನ್ಸ್‌ಪೆಕ್ಟರು ನಿಧಾನಕ್ಕೆ ಬರೆದರು. ಸುಲಿದ ಬೆರಳಲ್ಲಿ ಪೆನ್ನು ಹಿಡಿಯಲಾಗದಿದ್ದರೂ ಕಾಂತರಾಜು ಹಲ್ಲು ಕಚ್ಚಿ ಸಹಿ ಹಾಕಿದ.

"ಎಲ್ಲಾ ಬರ್ಕಂಡ್ರಾ ಸಾ?"

"ಬರ್ಕೊಂಡೆ."

ತಿರುಗಿ ಷಡಕ್ಷರಿಯ ದವಡೆಗೆ ಬಾರಿಸಿದ ನೋಡಿ, ಎರಡು ಹಲ್ಲು ಉದುರಿದವು. ತಪ್ಪು ಅಂತೀರಾ? ಇರಬಹುದು. ನನಗೆ ಮಾತ್ರ ಹೊಟ್ಟೆ ತಣ್ಣಗಾಯಿತು.

ಬೆಂಕಿಯದೊಂದು, ಹಲ್ಲಿನದೊಂದು, ಅವನ ಮೇಲೆ ಎರಡು ಕೇಸು. ಪ್ರತಿಭಾಳ ಹೆಸರು ಎಲ್ಲೂ ಬರಲಿಲ್ಲ. ಜಾಮೀನು ಸಿಕ್ಕ ದಿನವೇ ಅವನು ಹೆಂಡತಿ ಮೇಘಶ್ರೀಯ ಜೊತೆ ಆಸ್ಪತ್ರೆಗೆ ಬಂದ. ಅವಳ ಎರಡೂ ಕೈಗೆ ಬ್ಯಾಂಡೇಜು, ಅವನ ಎರಡೂ ಕೈಗೆ ಬ್ಯಾಂಡೇಜು. ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತು.

"ಮೊದ್ಲು ಹೊಡೆದ್ರಾ, ಮೊದ್ಲು ಸಹಿ ಹಾಕಿದ್ರಾ ಅಣ್ಣ?"

"ಮೊದ್ಲು ಸಹಿ ಕಣವ್ವ," ಅಂದ ಕಾಂತರಾಜು. "ಮೊದ್ಲೇ ಒಡ್ದಿದ್ರೆ ಕೋಪಕ್ಕೆ ಏಳ್ದ ಅಂದ್ಬುಡೋರು. ನಿನ್ ದೀಪ ಆರೋಗೋದು."

ಅವಳು ನಕ್ಕಳು, ನಕ್ಕಿದ್ದಕ್ಕೆ ನೋವಾಗಿ ಅತ್ತಳು. ಮೇಘಶ್ರೀ ಇಬ್ಬರಿಗೂ ಮುದ್ದೆ ಮುರಿದು ತಿನ್ನಿಸಿದಳು.